ಕೆಂಚನ ಸೊಟ್ಟ ರಿಪೇರಿ: ಗದ್ದೆಯಲ್ಲಿ ಡ್ರೆಸಾಜ್

ದೂರು ಇಷ್ಟೇ. ನಮ್ಮ ಪುಟ್ಟ ಕುದುರೆ ಕೆಂಚ ನೇರ ನಡೆಯುವುದಿಲ್ಲ.

ಮೇಲೆ ಕೂತ ಮಗಳನ್ನು ಕೇಳಿದರೆ "ನೇರವಾಗೇ ಹೋಗ್ತಿದ್ದಾನಲ್ಲಪ್ಪ" ಅನ್ನುತ್ತಾಳೆ. ಎದುರಿಗೆ ನಿಂತವರಿಗೆ ಮಾತ್ರ ನಿಜ ಕಾಣುತ್ತದೆ. ಮುಂಗಾಲು ಒಂದು ದಾರಿ ಹಿಡಿದಿವೆ, ಹಿಂಗಾಲು ಅದಕ್ಕಿಂತ ಸ್ವಲ್ಪ ಬಲಕ್ಕೆ ಬೇರೆ ದಾರಿ ಹಿಡಿದಿವೆ. ವಾಕ್‌ನಿಂದ (ನಡಿಗೆ) ಟ್ರಾಟ್‌ಗೆ (ಕುಲುಕು ಓಟ) ಏರುವಾಗ ತಲೆ ಮೇಲೆತ್ತುತ್ತಾನೆ. ಟ್ರಾಟ್‌ನಿಂದ ವಾಕ್‌ಗೆ ಇಳಿಯುವಾಗ ಸೊಂಟ ಬಲಕ್ಕೆ ಜಾರುತ್ತದೆ, ಮೈಭಾರವೆಲ್ಲ ಎಡ ಹೆಗಲಿನ ಮೇಲೆ ಬೀಳುತ್ತದೆ. ನಿಲ್ಲಿಸಿದರೆ ಮೂರು ಕಾಲು ಹೇಳಿದ ಜಾಗದಲ್ಲಿರುತ್ತವೆ. ಬಲ ಹಿಂಗಾಲು ಪಕ್ಕಕ್ಕೆ ಹೋಗಿರುತ್ತದೆ.

ನಮ್ಮದು ಹಾಸನ ಜಿಲ್ಲೆಯ ಆಲೂರು ತಾಲ್ಲೂಕು. ಸಣ್ಣ ಕಾಫಿ ತೋಟ, ತೋಟದ ಕೆಳಗೆ ಗದ್ದೆ. ಕೆಂಚ ಕೆಂಗಂದು ಬಣ್ಣದ ಪೋನಿ. ಎತ್ತರ 13.2 ಹ್ಯಾಂಡ್ (ಒಂದು ಹ್ಯಾಂಡ್‌ಗೆ ನಾಲ್ಕು ಇಂಚು, ಇದು 13 ಹ್ಯಾಂಡ್ ಮೇಲೆ 2 ಇಂಚು), ಅಂದರೆ ಹೆಗಲ ದಿಬ್ಬದ ಹತ್ತಿರ ಸುಮಾರು 137 ಸೆಂಟಿಮೀಟರ್. ಲಾಳ ಇಲ್ಲದೆ 148 ಸೆಂಟಿಮೀಟರ್ ದಾಟದಿದ್ದರೆ ಅಂತಾರಾಷ್ಟ್ರೀಯ ಸ್ಪರ್ಧೆಯ ಲೆಕ್ಕದಲ್ಲಿ ಅದು ಪೋನಿ. ಇಲ್ಲಿಗೆ ಬರುವ ಮುಂಚೆ ಇವನು ಪ್ರವಾಸಿಗರನ್ನು ಹೊತ್ತು ಸುತ್ತು ಹೊಡೆಯುತ್ತಿದ್ದ. ಒಬ್ಬರು ಎಡಗಡೆ ನಿಂತು ಹಗ್ಗ ಹಿಡಿದು ನಡೆಸುವುದು, ಇವನು ಎಡ ಹೆಗಲನ್ನು ಅವರ ಕಡೆ ಆನಿಸಿಕೊಂಡು ಹೋಗುವುದು. ವರ್ಷಗಟ್ಟಲೆ ಅದೇ ಕೆಲಸ. ಸೊಟ್ಟಕ್ಕೆ ಅದೇ ಕಾರಣ ಅಂತ ಮೇಷ್ಟ್ರ ಅಭಿಪ್ರಾಯ. ಅರ್ಧ ಕಾರಣ ಇರಬಹುದು. ಉಳಿದದ್ದು ಹುಟ್ಟಿನಿಂದಲೇ ಬಂದದ್ದು. ಕುದುರೆಗಳಿಗೆ ಸಾಮಾನ್ಯವಾಗಿ ಒಂದು ಬದಿ ಸಲೀಸಾಗಿ ಬಾಗುತ್ತದೆ, ಇನ್ನೊಂದು ಬದಿ ಬಿಗಿ.

ಮೇಷ್ಟ್ರು ಅಂದರೆ ಸೈನ್ಯದಲ್ಲಿ ಕುದುರೆಗಳ ಜೊತೆ ಕೆಲಸ ಮಾಡಿ ನಿವೃತ್ತರಾದವರು. ಅರಸೀಕೆರೆ ಕಡೆಯವರು. ಭಾನುವಾರ ಬಸ್ಸಿನಲ್ಲಿ ಬರುತ್ತಾರೆ. ಪಾಠಕ್ಕೆ ದುಡ್ಡು ಕೊಟ್ಟರೆ ಕಾಫಿ ಪುಡಿ ಕೊಡಿ ಸಾಕು ಅನ್ನುವವರು. ನಾವು ಎರಡನ್ನೂ ಕೊಡುತ್ತೇವೆ.

ಡ್ರೆಸಾಜ್ ಅಂದರೆ ಸವಾರ ಹೇಳಿದ ಹಾಗೆ ಕುದುರೆ ಅಚ್ಚುಕಟ್ಟಾಗಿ ಹೆಜ್ಜೆ ಹಾಕುವ ಸ್ಪರ್ಧೆ. ಮಗಳಿಗೆ ಅದರ ಹುಚ್ಚು ಹಿಡಿಸಿದ್ದು ಚೀನಾದ ಹಾಂಗ್‌ಝೌ. 2023ರ ಏಷ್ಯನ್ ಗೇಮ್ಸ್‌ನಲ್ಲಿ ಸುದೀಪ್ತಿ ಹಜೇಲಾ, ದಿವ್ಯಕೃತಿ ಸಿಂಗ್, ಹೃದಯ್ ಛೇಡಾ, ಅನುಷ್ ಅಗರ್‌ವಾಲಾ ತಂಡವಾಗಿ ಚಿನ್ನ ಗೆದ್ದರಲ್ಲ, ಆ ವಿಡಿಯೊವನ್ನು ಅವಳು ಊಟದ ಹೊತ್ತಲ್ಲೂ ನೋಡುತ್ತಿದ್ದಳು. ಕುದುರೆ ಸವಾರಿಯಲ್ಲಿ ಏಷ್ಯನ್ ಗೇಮ್ಸ್ ಚಿನ್ನ ನಮಗೆ ಅದಕ್ಕೆ ಮುಂಚೆ ಬಂದಿದ್ದು 1982ರಲ್ಲಿ, ದೆಹಲಿಯಲ್ಲಿ. ಅನುಷ್ 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ಗೂ ಹೋದರು. ಅವರ ಕುದುರೆಗಳಿಗೂ ನಮ್ಮ ಕೆಂಚನಿಗೂ ಹೋಲಿಕೆ ಮಾಡುವುದು ಬೇಡ. ಆದರೆ ನೇರ ನಡೆ, ಹೇಳಿದಲ್ಲಿ ನಿಲ್ಲು, ಹೇಳಿದಾಗ ಏರು, ಹೇಳಿದಾಗ ಇಳಿ ಅನ್ನುವ ಪಾಠ ಇಬ್ಬರಿಗೂ ಒಂದೇ.

ಸವಾರಿಗೆ ಮುಂಚಿನ ಕೆಲಸ

ಸೊಟ್ಟ ನಡೆಯುವ ಕುದುರೆಗೆ ಪಾಠ ಶುರು ಮಾಡುವ ಮುಂಚೆ ಅದಕ್ಕೆ ಎಲ್ಲೂ ನೋವಿಲ್ಲ ಅಂತ ಖಾತ್ರಿ ಮಾಡಿಕೊಳ್ಳಬೇಕು. ನೋವಿದ್ದ ಕಾಲನ್ನು ಅದು ತಾನಾಗೇ ಉಳಿಸಿಕೊಂಡು ನಡೆಯುತ್ತದೆ. ಅಂಥ ಕುದುರೆಗೆ ವ್ಯಾಯಾಮ ಹೇಳಿಕೊಟ್ಟರೆ ಹಿಂಸೆ ಆಗುತ್ತದೆ ಅಷ್ಟೇ.

ಕಾಫಿ ಒಣಗಿಸುವ ಕಣ ಇಲ್ಲಿ ಉಪಯೋಗಕ್ಕೆ ಬಂತು. ಸಿಮೆಂಟ್ ಕಣದ ಮೇಲೆ ಸವಾರಿ ಮಾಡಬಾರದು. ಗಟ್ಟಿ ನೆಲ, ಲಾಳ ಜಾರುತ್ತದೆ, ಕೀಲಿಗೆ ಪೆಟ್ಟು. ಆದರೆ ಕೈಯಲ್ಲಿ ಹಿಡಿದು ನಡೆಸಿದರೆ ಹೆಜ್ಜೆಯ ಸದ್ದು ಸ್ಪಷ್ಟವಾಗಿ ಕೇಳುತ್ತದೆ. ವಾಕ್‌ನಲ್ಲಿ ನಾಲ್ಕು ಸದ್ದು, ನಡುವಿನ ಅಂತರ ಸಮ ಇರಬೇಕು. ಟ್ರಾಟ್‌ನಲ್ಲಿ ಎರಡೇ ಸದ್ದು, ಯಾಕೆಂದರೆ ಕರ್ಣದ ಜೋಡಿ ಕಾಲುಗಳು ಒಟ್ಟಿಗೆ ನೆಲ ಮುಟ್ಟುತ್ತವೆ. ಒಂದು ಸದ್ದು ಜೋರು, ಒಂದು ಮೆತ್ತಗೆ ಕೇಳಿದರೆ ಕುಂಟು ಇರುವ ಅನುಮಾನ. ಕಣ್ಣು ಮುಚ್ಚಿಕೊಂಡು ಕೇಳಿ ಅಂತ ಮೇಷ್ಟ್ರು ಹೇಳಿದರು. ಕಾಫಿ ಹರಡುತ್ತಿದ್ದ ಆಳುಗಳೆಲ್ಲ ಕೆಲಸ ಬಿಟ್ಟು ನನ್ನನ್ನೇ ನೋಡುತ್ತಿದ್ದರು. ಸದ್ದು ಸಮವಾಗಿತ್ತು. ಪಶುವೈದ್ಯರೂ ಕಾಲು, ಬೆನ್ನು ಒತ್ತಿ ನೋಡಿ ಸರಿಯಿದೆ ಅಂದರು. ದವಡೆ ಹಲ್ಲಿನ ಅಂಚು ಮಾತ್ರ ಚೂಪಾಗಿತ್ತು, ಅರದಿಂದ ಉಜ್ಜಿಸಿದ್ದಾಯಿತು. ಹಲ್ಲು ಕೆನ್ನೆಗೆ ಚುಚ್ಚುತ್ತಿದ್ದರೆ ಕಡಿವಾಣವನ್ನು ಎರಡೂ ಬದಿ ಸಮವಾಗಿ ಹೇಗೆ ಕಚ್ಚುತ್ತಾನೆ ಹೇಳಿ.

ಲಾಳ ಹೊಡೆಯುವವರು ಬಂದಾಗ ಮುಂಗಾಲಿನ ಗೊರಸು ಎರಡೂ ಒಂದೇ ಇಳಿಜಾರಿನಲ್ಲಿ ಇವೆಯಾ ಅಂತ ನೋಡಿಸಿದೆವು. ಐದಾರು ವಾರಕ್ಕೊಮ್ಮೆ ಗೊರಸು ಕತ್ತರಿಸಿ ಸಮ ಮಾಡಿಸುವುದು ಈಗ ಕ್ಯಾಲೆಂಡರಿನಲ್ಲಿ ಬರೆದಿಟ್ಟ ಕೆಲಸ.

ಆಮೇಲೆ ಜೀನು. ಕೆಳಗೆ ಬಟ್ಟೆ ಹಾಕದೆ ಬೆನ್ನ ಮೇಲಿಟ್ಟು ಹಿಂದಿನಿಂದ ನೋಡಿದರೆ ಬೆನ್ನುಮೂಳೆಯ ಉದ್ದಕ್ಕೂ ಬೆಳಕು ಕಾಣಬೇಕು. ಕಂಡಿತು. ಸವಾರಿ ಮುಗಿದಾಗ ಜೀನು ಪ್ರತಿ ಸಲ ಒಂದೇ ಕಡೆಗೆ ಜಾರಿರುತ್ತದಾ ಅಂತಲೂ ನೋಡಬೇಕು. ಹಾಗೆ ಜಾರುವುದು ಕೆಲವೊಮ್ಮೆ ಹಿಂಗಾಲಿನ ಸಣ್ಣ ಕುಂಟಿನ ಗುರುತು. ನಮ್ಮದು ಜಾರುತ್ತಿರಲಿಲ್ಲ. ಸಿಕ್ಕಿಬಿದ್ದದ್ದು ರಿಕಾಬಿನ (ಸವಾರರು ಕಾಲಿಡುವ ಬಳೆಯ) ಪಟ್ಟಿ. ಎಡ ಪಟ್ಟಿಯನ್ನೂ ಬಲ ಪಟ್ಟಿಯನ್ನೂ ಬಿಚ್ಚಿ ಗೋಡೆಗೆ ಪಕ್ಕ ಪಕ್ಕ ನೇತು ಹಾಕಿದರೆ, ತೂತು ಒಂದೇ ನಂಬರಿನದ್ದಾದರೂ ಎಡಗಡೆಯದು ಒಂದು ಬೆರಳಿನಷ್ಟು ಉದ್ದ. ಎಲ್ಲರೂ ಎಡಗಡೆಯಿಂದಲೇ ಹತ್ತುವುದರಿಂದ ಚರ್ಮ ಆ ಕಡೆಯೇ ಹಿಗ್ಗುತ್ತದೆ. ಅಂದರೆ ಸವಾರಳೇ ಸೊಟ್ಟ ಕೂರುತ್ತಿದ್ದಳು. ಪಟ್ಟಿ ಅದಲು ಬದಲು ಮಾಡಿದೆವು. ಈಗ ಜಗುಲಿ ಕಟ್ಟೆಯ ಮೇಲೆ ನಿಂತು ಹತ್ತುವುದು, ಆಗಾಗ ಬಲಗಡೆಯಿಂದಲೂ ಹತ್ತುವುದು ರೂಢಿ.

ತೂಕದ ಲೆಕ್ಕವೂ ಒಂದಿದೆ. ಎದೆಯ ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಮೈಯ ಉದ್ದದಿಂದ ಮತ್ತೆ ಗುಣಿಸಿ, 11,880ರಿಂದ ಭಾಗಿಸಿದರೆ ಕಿಲೋ ಲೆಕ್ಕದಲ್ಲಿ ಅಂದಾಜು ತೂಕ ಸಿಗುತ್ತದೆ. ಅಳತೆ ಸೆಂಟಿಮೀಟರಿನಲ್ಲಿ ಇರಬೇಕು. ಕೆಂಚನ ಸುತ್ತಳತೆ 155, ಹೆಗಲ ಮುಂತುದಿಯಿಂದ ಪೃಷ್ಠದ ತುದಿವರೆಗೆ ಉದ್ದ 138. ಸುಮಾರು 279 ಕಿಲೋ ಬಂತು. ಸವಾರ ಮತ್ತು ಜೀನು ಸೇರಿ ಅದರ ಶೇಕಡ 20 ದಾಟಬಾರದು ಅನ್ನುವುದು ಚಾಲ್ತಿಯಲ್ಲಿರುವ ಲೆಕ್ಕ. ಅಂದರೆ 56 ಕಿಲೋ. ಮಗಳಿಗೆ ಸಾಕು. ನಾನು ಕೆಳಗೇ ಇರಬೇಕು.

ಗದ್ದೆಯಲ್ಲಿ ಅಂಗಳ

ಸಣ್ಣ ಡ್ರೆಸಾಜ್ ಅಂಗಳ 20 ಮೀಟರ್ ಅಗಲ, 40 ಮೀಟರ್ ಉದ್ದ. ದೊಡ್ಡದು 20 ಬೈ 60. ಸಣ್ಣದಕ್ಕೆ ಸುಮಾರು ಎಂಟು ಗುಂಟೆ ಜಾಗ ಬೇಕು. ಮಲೆನಾಡಿನಲ್ಲಿ ಎಂಟು ಗುಂಟೆ ಸಮತಟ್ಟು ಜಾಗ ಎಲ್ಲಿಂದ ತರುವುದು? ಇರುವುದು ಗದ್ದೆ ಬಯಲು ಒಂದೇ. ಭತ್ತದ ಕೊಯ್ಲು ಮುಗಿದ ಮೇಲೆ ಮಳೆಗಾಲದವರೆಗೆ ಅದು ಖಾಲಿ. ನಡುವೆ ಬದು ಇಲ್ಲದ ದೊಡ್ಡ ಗದ್ದೆ ಒಂದಿತ್ತು, ಅದನ್ನೇ ಆರಿಸಿಕೊಂಡೆವು.

ಒಣಗಿದ ಗದ್ದೆ ನೋಡಲು ಮಾತ್ರ ಸಮ. ಕೂಳೆ ಚುಚ್ಚುತ್ತದೆ, ಬಿರುಕು ಬಿಟ್ಟಿರುತ್ತದೆ, ಹೆಂಟೆ ಕಲ್ಲಿನಷ್ಟು ಗಟ್ಟಿ. ಪವರ್ ಟಿಲ್ಲರನ್ನು ಮೇಲೆ ಮೇಲೆ ಎರಡು ಇಂಚು ಆಳಕ್ಕೆ ಓಡಿಸಿ, ನೀರು ಚಿಮುಕಿಸಿ, ಮರುದಿನ ಹಲಗೆ ಎಳೆಸಿದೆವು. ಆಳ ಜಾಸ್ತಿ ಮಾಡಬೇಡಿ. ಆಳದ ಸಡಿಲ ಮಣ್ಣಿನಲ್ಲಿ ಕಾಲಿನ ಹಿಂಭಾಗದ ಸ್ನಾಯುರಜ್ಜು ಎಳೆಯುತ್ತದೆ. ಕೆಳಗೆ ಗಟ್ಟಿ ಪದರ ಇರಬೇಕು, ಮೇಲೆ ತೆಳ್ಳಗೆ ಮೆತ್ತನೆಯದು.

ಮೂಲೆ ಮಟ್ಟ ಮಾಡಲು ಹಗ್ಗ ಸಾಕು. ಒಂದು ಬದಿ 6 ಮೀಟರ್, ಇನ್ನೊಂದು ಬದಿ 8 ಮೀಟರ್ ಗುರುತು ಹಾಕಿ ಅವೆರಡರ ನಡುವೆ ಸರಿಯಾಗಿ 10 ಮೀಟರ್ ಬಂದರೆ ಮೂಲೆ ನೇರ. ಕೊನೆಗೆ ಎರಡೂ ಕರ್ಣ ಅಳೆಯಬೇಕು, 44 ಮೀಟರ್ 72 ಸೆಂಟಿಮೀಟರ್ ಬರಬೇಕು. ಅಂಗಳವೇ ಸೊಟ್ಟ ಇದ್ದರೆ ಪೋನಿಯನ್ನು ಬೈದು ಏನು ಪ್ರಯೋಜನ?

ಅಕ್ಷರಗಳನ್ನು ಎಣ್ಣೆ ಡಬ್ಬಗಳ ಮೇಲೆ ಬರೆದೆವು. ಒಳಗೆ ಬರುವ ಬಾಗಿಲು ಎ. ಅಲ್ಲಿಂದ ಬಲ ಸುತ್ತಿನಲ್ಲಿ, ಅಂದರೆ ಗಡಿಯಾರದ ಮುಳ್ಳಿನ ಹಾಗೆ, ಹೋದರೆ ಕೆ, ಇ, ಹೆಚ್, ಸಿ, ಎಂ, ಬಿ, ಎಫ್. ಈ ಅಕ್ಷರಗಳು ಈ ಕ್ರಮದಲ್ಲಿ ಯಾಕಿವೆ ಅಂತ ಕೇಳಬೇಡಿ, ಬಾಯಿಪಾಠ ಮಾಡಿಕೊಳ್ಳುವುದೇ ದಾರಿ. ಉದ್ದದ ಬದಿಯಲ್ಲಿ ಮೂಲೆಯಿಂದ 6 ಮೀಟರ್, 20 ಮೀಟರ್, 34 ಮೀಟರ್‌ಗೆ ಡಬ್ಬ ಇಡಬೇಕು. ಅಂಗಳದ ನಟ್ಟನಡುವೆ ಎಕ್ಸ್, ಅಲ್ಲಿ ಡಬ್ಬ ಇಡುವಂತಿಲ್ಲ. ಎ ಕಡೆಯ ನಡು ಗೆರೆಯಲ್ಲಿ 10 ಮೀಟರ್ ಒಳಗೆ ಗೂಟ ಹೊಡೆದು, 10 ಮೀಟರ್ ಹಗ್ಗ ಕಟ್ಟಿ ಸುತ್ತು ಬಂದರೆ 20 ಮೀಟರ್ ವೃತ್ತ ಆಯಿತು. ಗೆರೆ ಹಾಕಲು ಸುಣ್ಣ ತರಲು ಹೊರಟಿದ್ದೆ. ಸುಣ್ಣ ಕಣ್ಣಿಗೆ, ಚರ್ಮಕ್ಕೆ ಉರಿ. ನನ್ನ ಹೆಂಡತಿ ರಂಗೋಲಿ ಪುಡಿ ಕೊಟ್ಟಳು. ಅಚ್ಚುಕಟ್ಟಾದ ಗೆರೆಯೂ ಅವಳ ಕೈಯದೇ.

ನೆಲದ ಮೇಲೆ ಇಡುವ ಕಂಬಕ್ಕೆ ಬಿದಿರು ಬೇಡ. ತುಳಿದರೆ ಉರುಳುತ್ತದೆ, ಸೀಳುತ್ತದೆ. ಅಡಿಕೆ ದಬ್ಬೆ ಚಪ್ಪಟೆ ಬದಿ ಕೆಳಗಾಗಿ ಕೂರುತ್ತದೆ, ಉರುಳುವುದಿಲ್ಲ. ಅಂಚಿನ ಸಿಬಿರನ್ನು ಕತ್ತಿಯಲ್ಲಿ ಹೆರೆದು ಸುಣ್ಣದ ಬದಲು ಬಿಳಿ ಪೇಂಟ್ ಹೊಡೆದೆವು.

ಲಾಯದ ವಿಷಯದಲ್ಲಿ ಒಂದು ಮಾತು, ತೋಟ ಇರುವವರಿಗೆ. ಕಾಫಿ ಹೊಟ್ಟು ರಾಶಿ ಬಿದ್ದಿದೆ ಅಂತ ಕುದುರೆಗೆ ಹಾಸಬೇಡಿ. ಅದರಲ್ಲಿ ಕೆಫೀನ್ ಇರುತ್ತದೆ, ಕುದುರೆ ಹಾಸನ್ನೂ ಬಾಯಾಡಿಸುತ್ತದೆ. ಸ್ಪರ್ಧೆಯ ಕುದುರೆಯ ಮೈಯಲ್ಲಿ ಕೆಫೀನ್ ಇರುವಂತಿಲ್ಲ. ಭತ್ತದ ಹುಲ್ಲು ಸಾಕು.

ಹೆಜ್ಜೆ ಓದುವುದು

ಹಲಗೆ ಎಳೆದ ನೆಲ ಸುಳ್ಳು ಹೇಳುವುದಿಲ್ಲ. ಮೊದಲ ಪಾಠದಲ್ಲಿ ಮೇಷ್ಟ್ರು ಏನನ್ನೂ ಕಲಿಸಲಿಲ್ಲ. ನಡು ಗೆರೆಯ ಪಕ್ಕದಲ್ಲಿ ಒಂದು ಸಲ ವಾಕ್‌ನಲ್ಲಿ ಹೋಗಿ ಬಾ ಅಂದರು. ಆಮೇಲೆ ಮೂವರೂ ಬಗ್ಗಿ ನೆಲ ನೋಡಿದೆವು. ಎಡ ಹಿಂಗಾಲಿನ ಗುರುತು ಎಡ ಮುಂಗಾಲಿನ ಗುರುತಿಗಿಂತ ಒಳಗೆ, ಹೊಟ್ಟೆಯ ಕೆಳಗೆ ಬಿದ್ದಿತ್ತು. ಬಲ ಹಿಂಗಾಲಿನದು ಬಲ ಮುಂಗಾಲಿನ ಗುರುತಿನಿಂದ ಹೊರಗೆ ಬಿದ್ದಿತ್ತು. ಎರಡನೆಯದು ಮುಂದಕ್ಕೂ ಅಷ್ಟು ತಲುಪಿರಲಿಲ್ಲ.

"ನೋಡು ಪುಟ್ಟಿ, ಎಡಗಾಲು ದುಡೀತದೆ, ಬಲಗಾಲು ಪಕ್ಕಕ್ಕೆ ತಪ್ಪಿಸ್ಕತದೆ. ಕತ್ತು ಹಿಡಿದು ತಿರುಗಿಸಿದ್ರೆ ಕಾಲು ದುಡೀತದಾ?" ಅಂದರು.

ಈ ಇಡೀ ಕೆಲಸದ ತಿರುಳು ಅದೇ. ಗಾಡಿಗೆ ಕಟ್ಟಿದ ಜೋಡಿಯಲ್ಲಿ ಒಂದು ಎತ್ತು ಎಳೆದು ಇನ್ನೊಂದು ಸುಮ್ನೆ ಪಕ್ಕದಲ್ಲಿ ನಡೆದರೆ ಗಾಡಿ ಒಂದು ಕಡೆ ತಿರುಗುತ್ತದಲ್ಲ, ಹಾಗೆ. ಸೊಟ್ಟ ಕಾಣುವುದು ಕತ್ತಿನಲ್ಲಿ, ಹೆಗಲಿನಲ್ಲಿ. ಹುಟ್ಟುವುದು ಹಿಂಗಾಲಿನಲ್ಲಿ.

ಇಂಥ ಕುದುರೆ ಬಲಕ್ಕೆ ಸಲೀಸಾಗಿ ಬಾಗುತ್ತದೆ. ಅದನ್ನೇ ಒಳ್ಳೆಯ ಬದಿ ಅಂದುಕೊಳ್ಳುವವರು ಬಹಳ. ಮಗಳೂ ಹಾಗೇ ಅಂದುಕೊಂಡಿದ್ದಳು. ಬಲ ಲಗಾಮಿನಲ್ಲಿ ಭಾರವೇ ಇರುವುದಿಲ್ಲ, ಕೈಗೆ ಹಿತ. ನಿಜದಲ್ಲಿ ಅವನು ಆ ಕಡೆ ಕಡಿವಾಣವನ್ನು ಮುಟ್ಟುತ್ತಲೇ ಇಲ್ಲ. ಎಡ ಲಗಾಮಿನ ಮೇಲೆ ಮಾತ್ರ ಪೂರ್ತಿ ಒರಗುತ್ತಾನೆ. ಬಲ ಸುತ್ತಿನಲ್ಲಿ ಕತ್ತು ಒಳಗೆ ಬಾಗಿ ಎಡ ಹೆಗಲು ಹೊರಗೆ ಓಡುತ್ತದೆ, ವೃತ್ತ ದೊಡ್ಡದಾಗುತ್ತದೆ. ಎಡ ಸುತ್ತಿನಲ್ಲಿ ಎಡ ಹೆಗಲು ಒಳಗೆ ಬೀಳುತ್ತದೆ, ವೃತ್ತ ಚಿಕ್ಕದಾಗುತ್ತದೆ. ರಂಗೋಲಿ ಗೆರೆ ಇದ್ದುದರಿಂದ ವಾದಕ್ಕೆ ಜಾಗವೇ ಇರಲಿಲ್ಲ.

ಬೇಲಿ ಬಿಟ್ಟು ಒಳಗೆ

ಕುದುರೆಯ ಹೆಗಲು ಸೊಂಟಕ್ಕಿಂತ ಕಿರಿದು. ಅಂಗಳದ ಅಂಚಿಗೆ ಆತುಕೊಂಡು ಹೋಗುವಾಗ ಅದು ಹೊರ ಹೆಗಲನ್ನೂ ಹೊರ ಸೊಂಟವನ್ನೂ ಅಂಚಿಗೆ ಸಮ ಮಾಡಿಕೊಳ್ಳುತ್ತದೆ. ಹಾಗಾದಾಗ ಒಳಗಿನ ಹಿಂಗಾಲು ಒಳ ಮುಂಗಾಲಿನ ದಾರಿ ಬಿಟ್ಟು ಒಳಗೆ ಬರಲೇಬೇಕು. ಹೀಗಾಗಿ ಬೇಲಿ ಪಕ್ಕದ ಸವಾರಿ ಸೊಟ್ಟವನ್ನು ಮುಚ್ಚಿಡುತ್ತದೆ, ಕಲಿಸಲೂ ಬಹುದು. ಮೇಷ್ಟ್ರು ಮೊದಲ ವಾರಗಳಲ್ಲಿ ಅಂಚಿಗೆ ಹೋಗಲೇ ಬಿಡಲಿಲ್ಲ. ಅಂಚಿನಿಂದ ಎರಡು ಮೀಟರ್ ಒಳಗೆ, ಆಮೇಲೆ ಐದು ಮೀಟರ್ ಒಳಗೆ, ಆಮೇಲೆ ನಡು ಗೆರೆ. ಆಸರೆ ಇಲ್ಲದ ಕಡೆ ಕೆಂಚ ಕುಡಿದವರ ಹಾಗೆ ಆಡಿದ.

ಇಲ್ಲಿ ಮಗಳಿಗೆ ಅಭ್ಯಾಸವಾಗಲು ಬಹಳ ಹಿಡಿದ ಒಂದು ನಿಯಮ ಇದೆ. ಸೊಂಟ ಬಲಕ್ಕೆ ಹೋದರೆ ಸೊಂಟವನ್ನು ಎಡಕ್ಕೆ ತಳ್ಳಬೇಡ. ಹೆಗಲನ್ನು ಬಲಕ್ಕೆ ತಂದು ಸೊಂಟದ ಮುಂದೆ ನಿಲ್ಲಿಸು. ಸೊಂಟವನ್ನು ತಳ್ಳಿದರೆ ಅವನು ಇನ್ನೊಂದು ಬದಿಗೆ ಸೊಟ್ಟ ಆಗುತ್ತಾನೆ, ಹಿಂಗಾಲು ದುಡಿಯುವುದಿಲ್ಲ. ಹೆಗಲನ್ನು ತಂದರೆ ಬಲ ಹಿಂಗಾಲಿನ ಮುಂದೆ ಮೈಭಾರ ಬಂದು ನಿಲ್ಲುತ್ತದೆ, ಅದು ಹೊರಲೇಬೇಕಾಗುತ್ತದೆ. ಇದಕ್ಕೆ ಶೋಲ್ಡರ್ ಫೋರ್ ಅನ್ನುತ್ತಾರೆ. ಹೆಗಲು ಒಂದು ಅಂಗೈಯಷ್ಟು ಒಳಗೆ ಬಂದರೆ ಸಾಕು. ಸವಾರಳ ಎರಡೂ ಕೈ ಸ್ವಲ್ಪ ಬಲಕ್ಕೆ, ಎಡ ಲಗಾಮು ಕತ್ತಿಗೆ ತಾಗಿ, ಬಲ ಕಾಲು ಹೊಟ್ಟೆ ಪಟ್ಟಿಯ ಹತ್ತಿರ.

ಎರಡು ಸುತ್ತು, ಎರಡು ಮದ್ದು

ಎರಡೂ ಬದಿಗೆ ಒಂದೇ ವ್ಯಾಯಾಮ ಮಾಡಿಸಿದರೆ ಸಮ ಆಗುತ್ತದೆ ಅನ್ನುವುದು ಸುಳ್ಳು. ಬದಿಗೊಂದು ತೊಂದರೆ ಇದ್ದ ಮೇಲೆ ಬದಿಗೊಂದು ಮದ್ದು.

ಬಲ ಸುತ್ತಿಗೆ ವೃತ್ತವನ್ನೇ ಬಿಟ್ಟೆವು. ಅದರ ಬದಲು ಚೌಕ. ಬದಿಗೆ ಸುಮಾರು 15 ಮೀಟರ್, ಮೂಲೆಗೊಂದು ಡಬ್ಬ. ಬದಿಯಲ್ಲಿ ಕತ್ತು ನೇರ. ಮೂಲೆಯಲ್ಲಿ ಒಳ ಲಗಾಮು ಎಳೆಯುವಂತಿಲ್ಲ. ಎಡ ಕಾಲು, ಎಡ ಲಗಾಮು ಸೇರಿ ಹೆಗಲನ್ನು ಬಲಕ್ಕೆ ತಿರುಗಿಸಬೇಕು. ವೃತ್ತದಲ್ಲಿ ಹೆಗಲು ಸದ್ದಿಲ್ಲದೆ ಜಾರಿಕೊಳ್ಳುತ್ತದೆ. ಚೌಕದಲ್ಲಿ ಜಾರಿದರೆ ತಕ್ಷಣ ಡಬ್ಬಕ್ಕೆ ಕಾಲು ತಾಗಿ ಡಣ್ ಅನ್ನುತ್ತದೆ. ಮೊದಲು ಡಬ್ಬಗಳಿಗೆ ಬಹಳ ಪೆಟ್ಟು ಬಿತ್ತು.

ಎಡ ಸುತ್ತಿಗೆ ವೃತ್ತವೇ ಸರಿ. 20 ಮೀಟರಿನಿಂದ ನಿಧಾನವಾಗಿ 12 ಮೀಟರಿನವರೆಗೆ ಒಳಗೆ ಬಂದು, ಎಡ ಕಾಲಿನಿಂದ ಪಕ್ಕಕ್ಕೆ ತಳ್ಳುತ್ತಾ ಮತ್ತೆ 20 ಮೀಟರಿಗೆ ಹೋಗುವುದು. ಒಳಗೆ ಬೀಳುವ ಎಡ ಹೆಗಲು ಎದ್ದು ನಿಲ್ಲುತ್ತದೆ, ಖಾಲಿ ಇದ್ದ ಬಲ ಲಗಾಮು ತುಂಬಿಕೊಳ್ಳುತ್ತದೆ. ಎಡ ಲಗಾಮಿನ ಮೇಲೆ ಒರಗಿದಾಗ ಏನು ಮಾಡಬೇಕು? ಎಳೆದರೆ ಒರಗಲು ಇನ್ನೂ ಗಟ್ಟಿ ಆಸರೆ ಸಿಕ್ಕ ಹಾಗೆ. ಒಂದು ಹೆಜ್ಜೆಯಷ್ಟು ಹೊತ್ತು ಎಡಗೈ ಮುಂದೆ ಕೊಟ್ಟುಬಿಡಬೇಕು. ಆನಿಕೊಂಡಿದ್ದು ತಪ್ಪಿದಾಗ ಅವನೇ ತನ್ನ ಭಾರ ಹೊತ್ತುಕೊಳ್ಳುತ್ತಾನೆ.

ತಲೆ ಬಗ್ಗಿಸಿ ಕಟ್ಟುವ ಪಟ್ಟಿ ಹಾಕಿ, ಬೇಗ ಸರಿ ಹೋಗುತ್ತದೆ ಅಂತ ಸಲಹೆ ಕೊಟ್ಟವರಿದ್ದಾರೆ. ನನಗೆ ಅದು ಹಿಡಿಸುವುದಿಲ್ಲ. ತಲೆ ಬಗ್ಗಿದ ಫೋಟೋ ಸಿಗುತ್ತದೆ, ಬಲ ಹಿಂಗಾಲು ಇದ್ದಲ್ಲೇ ಇರುತ್ತದೆ.

ರೈಸಿಂಗ್ ಟ್ರಾಟ್‌ನಲ್ಲಿ, ಅಂದರೆ ಟ್ರಾಟ್‌ನ ತಾಳಕ್ಕೆ ಜೀನಿನಿಂದ ಎದ್ದು ಕೂರುವಾಗ, ಇನ್ನೊಂದು ಸೂಕ್ಷ್ಮ ಇದೆ. ಹೊರ ಹೆಗಲು ಹಿಂದೆ ಬಂದಾಗ ಕೂರಬೇಕು, ಮುಂದೆ ಹೋದಾಗ ಏಳಬೇಕು. ಅಂಗಳದಲ್ಲಿ ದಿಕ್ಕು ಬದಲಾಗುವುದರಿಂದ ಇದು ತಾನಾಗೇ ಹಂಚಿಹೋಗುತ್ತದೆ. ತೋಟದ ರಸ್ತೆಯಲ್ಲಿ ಹಾಗಲ್ಲ. ಮೈಲಿಗಟ್ಟಲೆ ಒಂದೇ ಜೋಡಿ ಕಾಲಿನ ಮೇಲೆ ಕೂತು ಏಳುತ್ತಿರುತ್ತೇವೆ. ಕೆಂಚನಂಥವನು ತನಗೆ ಸುಖವಾದ ಜೋಡಿಗೇ ಸವಾರಳನ್ನು ಮೆಲ್ಲಗೆ ಎತ್ತಿ ಹಾಕುತ್ತಾನೆ. ಈಗ ರಸ್ತೆಯಲ್ಲಿ ಪ್ರತಿ ಕರೆಂಟ್ ಕಂಬಕ್ಕೆ ಬದಲಿಸುವುದು.

ಏರುವ ಜಾಗ, ಇಳಿಯುವ ಜಾಗ

ಟ್ರಾನ್ಸಿಷನ್, ಅಂದರೆ ಒಂದು ನಡೆಯಿಂದ ಇನ್ನೊಂದಕ್ಕೆ ಏರುವುದು ಇಳಿಯುವುದು, ಬೇರೆ ಪಾಠ, ನೇರ ನಡೆಯುವುದು ಬೇರೆ ಪಾಠ ಅಂತ ನಾನು ಅಂದುಕೊಂಡಿದ್ದೆ. ಮೇಷ್ಟ್ರು ಎರಡನ್ನೂ ಒಂದೇ ಮಾಡಿದರು. ನಡೆಯುತ್ತಾ ನೇರ ಇರುವುದು ದೊಡ್ಡ ವಿಷಯವಲ್ಲ. ವೇಗ ಬದಲಾಗುವ ಆ ಎರಡು ಹೆಜ್ಜೆಯಲ್ಲಿ ಯಾವ ಹಿಂಗಾಲು ಕೆಲಸ ತಪ್ಪಿಸುತ್ತಿದೆ ಅಂತ ಬಯಲಾಗುತ್ತದೆ. ಅದನ್ನು ದುಡಿಸುವ ಜಾಗವೂ ಅದೇ.

ಶುರು ವಾಕ್ ಮತ್ತು ನಿಲುಗಡೆಯಿಂದ. ನಡು ಗೆರೆಯ ಮೇಲೆ ಅಡಿಕೆ ದಬ್ಬೆ ಎರಡನ್ನು ಸಮಾನಾಂತರವಾಗಿ ಇಟ್ಟೆವು. ನಡುವೆ ಒಂದು ಮೀಟರ್ ಓಣಿ, ಉದ್ದ ಮೂರು ಮೀಟರ್. ಅದರೊಳಗೆ ಹೋಗಿ ನಿಲ್ಲಬೇಕು. ನಿಂತು ಮನಸ್ಸಿನಲ್ಲಿ ನಾಲ್ಕು ಎಣಿಸಿ ಹೊರಡಬೇಕು. ಬಲ ಹಿಂಗಾಲು ಪಕ್ಕಕ್ಕೆ ಇಡಲು ಹೋದರೆ ದಬ್ಬೆ ತಾಗುತ್ತದೆ. ಸವಾರಳು ಬೈಯಬೇಕಾಗಿಲ್ಲ, ಲಗಾಮು ಜಗ್ಗಬೇಕಾಗಿಲ್ಲ. ಕಾಲು ಎಲ್ಲಿಡಬೇಕು ಅಂತ ಅವನೇ ಕಂಡುಕೊಂಡ. ಆಮೇಲೆ ಓಣಿಯನ್ನು 80 ಸೆಂಟಿಮೀಟರಿಗೆ ಇಳಿಸಿದೆವು.

ನಿಲ್ಲಿಸುವ ಕ್ರಮ ಹೀಗೆ. ಬೆನ್ನು ನೆಟ್ಟಗೆ ಮಾಡಿ ಉಸಿರು ಬಿಡುವುದು. ಸೊಂಟ ಅವನ ಜೊತೆ ಆಡುವುದನ್ನು ನಿಲ್ಲಿಸುವುದು. ಎರಡೂ ಮೀನಖಂಡ ಹಗುರವಾಗಿ ಮೈಗೆ ತಾಗಿಸುವುದು, ಹಿಂಗಾಲು ಒಳಗೆ ಬರಲಿ ಅಂತ. ಕೊನೆಗೆ ಬೆರಳು ಮುಚ್ಚುವುದು. ನಿಂತ ಕ್ಷಣ ಬೆರಳು ಸಡಿಲ. ಜನ ಕೊನೆಯದನ್ನು ಮೊದಲು ಮಾಡುತ್ತಾರೆ, ಬರೀ ಅದನ್ನೇ ಮಾಡುತ್ತಾರೆ. ಬರೀ ಲಗಾಮಿನಿಂದ ನಿಲ್ಲಿಸಿದ ಕುದುರೆ ಮುಂಗಾಲಿನ ಮೇಲೆ ಮುಗ್ಗರಿಸಿ ನಿಲ್ಲುತ್ತದೆ.

ಅದು ಹದಕ್ಕೆ ಬಂದ ಮೇಲೆ ವೃತ್ತದಲ್ಲಿ ಟ್ರಾಟ್, ವಾಕ್, ಟ್ರಾಟ್. 20 ಮೀಟರ್ ವೃತ್ತದ ನಾಲ್ಕು ತುದಿಗೂ ಗುರುತು ಇತ್ತು. ಪ್ರತಿ ಗುರುತಿನಲ್ಲಿ ವಾಕ್‌ಗೆ ಇಳಿದು, ನಾಲ್ಕು ಹೆಜ್ಜೆ ನಡೆದು, ಮತ್ತೆ ಟ್ರಾಟ್. ಕೇಳಲು ಸುಲಭ. ವೃತ್ತದ ಸುತ್ತಳತೆ ಸುಮಾರು 63 ಮೀಟರ್, ಅಂದರೆ ಒಂದು ಗುರುತಿನಿಂದ ಇನ್ನೊಂದಕ್ಕೆ 16 ಮೀಟರೂ ಇಲ್ಲ. ಟ್ರಾಟ್‌ನಲ್ಲಿ ಐದಾರು ಸೆಕೆಂಡಿಗೆ ಮುಗಿಯುತ್ತದೆ. ಏರಿದ ತಕ್ಷಣ ಇಳಿಯುವ ಸಿದ್ಧತೆ ಶುರುವಾಗಬೇಕು. ಆ ಸಿದ್ಧತೆಯೇ ಹಾಫ್ ಹಾಲ್ಟ್. ನಿಲ್ಲಿಸಲು ಹೊರಟ ಹಾಗೆ ಶುರು ಮಾಡಿ, ಅವನು ಹಿಂಗಾಲಿಗೆ ಭಾರ ತಂದ ಕೂಡಲೇ ಬಿಟ್ಟುಬಿಡುವುದು. ಒಂದು ಉಸಿರಿನಷ್ಟು ಹೊತ್ತಿನ ಕೆಲಸ.

ಇಳಿಯುವಾಗ ಸೊಂಟ ಬಲಕ್ಕೆ ಜಾರುವ ಹಳೆಯ ಚಾಳಿಗೆ ಮೇಷ್ಟ್ರು ಹೇಳಿದ ಉಪಾಯ ಸರಳ. ಬಲ ಸುತ್ತಿನಲ್ಲಿ, ಗುರುತಿಗೆ ನಾಲ್ಕೈದು ಹೆಜ್ಜೆ ಮುಂಚೆ ಶೋಲ್ಡರ್ ಫೋರ್ ಮಾಡಿಕೊ, ಅದರಲ್ಲೇ ಇಳಿ. ಸೊಂಟ ಜಾರಿದ ಮೇಲೆ ಸರಿಪಡಿಸಲು ಹೊತ್ತು ಇರುವುದಿಲ್ಲ. ಎಡ ಸುತ್ತಿನಲ್ಲಿ ಸೊಂಟ ಹೊರಗೆ ಜಾರುತ್ತದೆ. ಅಲ್ಲಿ ಹೆಗಲನ್ನು ಒಂದಿಷ್ಟು ಹೊರಗೆ ತಂದು, ಬಲ ಕಾಲನ್ನು ಸ್ವಲ್ಪ ಹಿಂದೆ ಕಾವಲು ಇಟ್ಟು ಇಳಿಯುವುದು.

ಏರುವಾಗ ತಲೆ ಎತ್ತುವುದು ಇದರಲ್ಲೇ ಕಡಿಮೆಯಾಯಿತು. ಹಿಂಗಾಲಿನಿಂದ ತಳ್ಳಿ ಹೊರಡಲು ಬಾರದವನು ಕತ್ತನ್ನು ಮೇಲೆ ಎಸೆದು ಮುಂಗಾಲಿನಿಂದ ಎಳೆದುಕೊಂಡು ಹೊರಡುತ್ತಾನೆ. ಇಳಿದಾಗ ಹಿಂಗಾಲು ಒಳಗೇ ಇದ್ದರೆ ಏರಲು ಕತ್ತಿನ ಸಹಾಯ ಬೇಕಾಗುವುದಿಲ್ಲ. ಹಾಗಾಗಿ ಏರುವುದನ್ನು ರಿಪೇರಿ ಮಾಡಬೇಕಾದ್ದು ಇಳಿಯುವ ಜಾಗದಲ್ಲಿ. ಇದು ನನಗೆ ಹೊಸ ವಿಷಯ.

ಪ್ರತಿ ಪಾಠದ ಕೊನೆಗೆ ಸಿ ಡಬ್ಬದ ಹಿಂದೆ, ನಡು ಗೆರೆಗೆ ಸರಿಯಾಗಿ ಮೊಬೈಲ್ ನಿಲ್ಲಿಸಿ ವಿಡಿಯೊ ಮಾಡುವುದು ನನ್ನ ಕೆಲಸ. ಎ ಇಂದ ಒಳಗೆ ಬಂದು ಎಕ್ಸ್‌ನಲ್ಲಿ ನಿಂತು ವಂದನೆ. ಎದುರಿನಿಂದ ನೋಡಿದಾಗ ಮುಂಗಾಲಿನ ಹಿಂದೆ ಹಿಂಗಾಲು ಮರೆಯಾಗಿದ್ದರೆ ನೇರ. ಮೇಷ್ಟ್ರು ಸ್ಪರ್ಧೆಯ ಹಾಗೆ ಹತ್ತಕ್ಕೆ ಅಂಕ ಕೊಡುತ್ತಾರೆ. ಶುರುವಿನಲ್ಲಿ ನಾಲ್ಕು ಬರುತ್ತಿತ್ತು. ಏಳು ಬಂದ ದಿನ ಮಗಳು ಮೇಷ್ಟ್ರಿಗೆ ಎರಡನೇ ಲೋಟ ಕಾಫಿ ತಾನೇ ಮಾಡಿ ತಂದಳು.

ಕ್ಯಾಂಟರ್

ಇದಿನ್ನೂ ನಡೆಯುತ್ತಿರುವ ಕೆಲಸ, ಚಿಕ್ಕದಾಗಿ ಬರೆಯುತ್ತೇನೆ. ಕ್ಯಾಂಟರ್ ಅಂದರೆ ಟ್ರಾಟ್‌ಗಿಂತ ವೇಗದ ನೆಗೆತದ ಓಟ. ಎಡ ಮುಂಗಾಲು ಮುಂದೆ ಚಾಚಿದರೆ ಎಡ ಕ್ಯಾಂಟರ್, ಬಲ ಮುಂಗಾಲು ಚಾಚಿದರೆ ಬಲದ್ದು. ಎಡ ಕ್ಯಾಂಟರ್ ಕೇಳಿದರೆ ಕೆಂಚ ಬಲದ್ದು ಹಿಡಿಯುತ್ತಿದ್ದ. ಕಾರಣ ಇಷ್ಟು ಹೊತ್ತಿಗೆ ಊಹಿಸಬಹುದು. ಎಡ ಕ್ಯಾಂಟರ್ ಶುರುವಾಗುವುದು ಬಲ ಹಿಂಗಾಲಿನಿಂದ. ಆಮೇಲೆ ಎಡ ಹಿಂಗಾಲು ಮತ್ತು ಬಲ ಮುಂಗಾಲು ಒಟ್ಟಿಗೆ, ಕೊನೆಗೆ ಎಡ ಮುಂಗಾಲು. ತಪ್ಪಿಸಿಕೊಳ್ಳುವ ಕಾಲೇ ಮೊದಲು ನೆಗೆಯಬೇಕು, ಭಾರ ಬಿದ್ದಿರುವ ಎಡ ಹೆಗಲೇ ಮುಂದೆ ಚಾಚಬೇಕು. ಎರಡೂ ಅವನಿಗೆ ಕಷ್ಟದ್ದು.

ಎಡ ವೃತ್ತದಲ್ಲಿ ಒಳಗಿನಿಂದ ಹೊರಗೆ ತಳ್ಳುತ್ತಾ ಬಂದು, 20 ಮೀಟರ್ ಗೆರೆ ಮುಟ್ಟುವ ಹೊತ್ತಿಗೆ ಕೇಳಿದರೆ ಸರಿಯಾದ್ದೇ ಸಿಗುತ್ತಿದೆ. ಆಗ ಎಡ ಹೆಗಲು ಹಗುರ, ಬಲ ಹಿಂಗಾಲು ಕೆಳಗೆ. ಸಿಕ್ಕ ಮೇಲೆ ಅರ್ಧ ಸುತ್ತು ಸಾಕು, ಟ್ರಾಟ್‌ಗೆ ಇಳಿಸಿಬಿಡುವುದು. ದಣಿದ ಮೇಲೆ ಮತ್ತೆ ಸೊಟ್ಟವೇ ಬರುತ್ತದೆ. ಬಲ ಕ್ಯಾಂಟರಿನಲ್ಲಿ ಸೊಂಟ ಒಳಗೆ ಬರುವುದು ಇನ್ನೂ ಹೋಗಿಲ್ಲ.

ಸಂಜೆ ಪಾಠ ಐದೂವರೆಗೆ ನಿಲ್ಲುತ್ತದೆ. ನಮ್ಮ ಕಡೆ ಆನೆ ಓಡಾಟ. ಗುಂಪು ಇಳಿದಿದೆ ಅಂತ ಮೆಸೇಜ್ ಬಂದ ದಿನ ಗದ್ದೆ ಕಡೆ ಹೋಗುವುದೇ ಇಲ್ಲ. ಒಂದು ಬೆಳಿಗ್ಗೆ ಬಂದು ನೋಡಿದರೆ ಬಿ ಡಬ್ಬ ಚಪ್ಪಟೆ. ನಡು ಗೆರೆಯ ಉದ್ದಕ್ಕೂ ದೊಡ್ಡ ಹೆಜ್ಜೆ. ಹಿಂಗಾಲು ಮುಂಗಾಲಿನ ಗುರುತಿನ ಮೇಲೇ ಬಿದ್ದಿತ್ತು. ಮೇಷ್ಟ್ರಿಗೆ ಫೋಟೋ ಕಳಿಸಿದೆ. "ಇದಕ್ಕೆ ಎಂಟು ಕೊಡ್ತೀನಿ ಗೌಡ್ರೇ" ಅಂದರು.

ಹೂಮಳೆ ಆದ ಮೇಲೆ

ಮಾರ್ಚಿನಲ್ಲಿ ಹೂಮಳೆ ಬಿತ್ತು. ಕಾಫಿಗೆ ಬೇಕಾದ ಮಳೆ, ಅಂಗಳಕ್ಕೆ ಬೇಡವಾದ ಮಳೆ. ಗದ್ದೆ ಮಣ್ಣು ಅಂಟು. ನೀರು ನಿಂತರೆ ಲಾಳ ಕಿತ್ತುಕೊಂಡು ಬರುತ್ತದೆ. ಸುತ್ತ ಒಂದು ಗುದ್ದಲಿ ಅಗಲದ ಕಾಲುವೆ ತೆಗೆದು ನೀರು ಹೊರಗೆ ಬಿಟ್ಟ ಮೇಲೆ, ಎರಡು ಬಿಸಿಲಿಗೆ ನೆಲ ಹಿಂದಿಗಿಂತ ಚೆನ್ನಾಗಾಯಿತು. ಹದವಾದ ತೇವ ಇದ್ದರೆ ಹೆಜ್ಜೆ ಗುರುತೂ ಸ್ಪಷ್ಟ.

ಈಗಿನ ಸ್ಥಿತಿ ಹೀಗಿದೆ. ವಾಕ್‌ನಲ್ಲಿ ಎರಡೂ ಹಿಂಗಾಲು ಮುಂಗಾಲಿನ ಸಾಲಿಗೆ ಬೀಳುತ್ತಿವೆ. ಟ್ರಾಟ್‌ನಲ್ಲಿ ಮೊದಲ ಹತ್ತು ನಿಮಿಷ ಸೊಟ್ಟ, ಮೈ ಬಿಸಿಯಾದ ಮೇಲೆ ನೇರ. ಟ್ರಾಟ್‌ನಿಂದ ವಾಕ್‌ಗೆ ಎಡ ಸುತ್ತಿನಲ್ಲಿ ಚೆನ್ನಾಗಿ ಇಳಿಯುತ್ತಾನೆ, ಬಲ ಸುತ್ತಿನಲ್ಲಿ ಮಗಳು ನೆನಪಿಟ್ಟುಕೊಂಡು ಸಿದ್ಧತೆ ಮಾಡಿದರೆ ಮಾತ್ರ. ನಿಲುಗಡೆ ದಬ್ಬೆ ಇಲ್ಲದೆಯೂ ಸಮ ಬರುತ್ತಿದೆ. ಎಡ ಲಗಾಮಿನ ಭಾರ ಅರ್ಧಕ್ಕಿಂತ ಕಡಿಮೆ ಆಗಿದೆ ಅಂತ ಮಗಳ ಲೆಕ್ಕ.

ಜೂನ್ ಹೊತ್ತಿಗೆ ಗದ್ದೆಯನ್ನು ಉಳುಮೆಗೆ ಬಿಟ್ಟುಕೊಡಬೇಕು. ಆಗ ಡಬ್ಬ, ದಬ್ಬೆ ಎಲ್ಲ ಗೋದಾಮಿಗೆ. ಮಳೆಗಾಲದ ಪಾಠ ತೋಟದ ಜಲ್ಲಿ ರಸ್ತೆಯಲ್ಲಿ, ಮಳೆ ಬಿಟ್ಟ ಹೊತ್ತಿನಲ್ಲಿ, ಬರೀ ವಾಕ್ ಮತ್ತು ನಿಲುಗಡೆ, ಏರಿನಲ್ಲಿ ಸ್ವಲ್ಪ ಟ್ರಾಟ್. ಏರು ಹತ್ತುವಾಗ ಎರಡೂ ಹಿಂಗಾಲು ತಳ್ಳಲೇಬೇಕು, ಅದೂ ಒಳ್ಳೆಯ ವ್ಯಾಯಾಮವೇ. ರಸ್ತೆಯ ಎರಡು ಚಕ್ರದ ಜಾಡಿನ ನಡುವಿನ ಹುಲ್ಲಿನ ಪಟ್ಟಿಯೇ ನಡು ಗೆರೆ. ಕ್ಯಾಂಟರಿನಿಂದ ನೇರ ವಾಕ್‌ಗೆ ಇಳಿಸುವ ಪಾಠ ಕೊಯ್ಲು ಮುಗಿದ ಮೇಲೆ ಅಂತ ಮೇಷ್ಟ್ರು ಹೇಳಿದ್ದಾರೆ. ಮಗಳಿಗೆ ಅದು ಈಗಲೇ ಬೇಕಂತೆ.